ಓಲೆಯಿಂದ ಛಾಯಾಪ್ರತಿಗೆ: ಸಣ್ಣ ಜೂಮ್ ಕ್ಯಾಮರಾ ಮತ್ತು ಅಕ್ಷರಸ್ಫುಟತೆ

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವು ಗ್ರಂಥಗಳ ಪ್ರತಿಯ ಮೂಲಕವೇ ನಡೆದುಬಂದುದು. ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಸುಪ್ರಸಿದ್ಧವಾಗಿದೆ. ಪ್ರತಿ ಮಾಡಿಸುವುದನ್ನು ಪುಣ್ಯಕಾರ್ಯವೆಂದು ಭಾವಿಸಿದ ಸಮಾಜವು, ಪ್ರತಿ ಮಾಡುವಾಗ ಒದಗುವ ಸ್ಖಲನಗಳ ವಿಷಯದಲ್ಲಿಯೂ ಎಚ್ಚರವಾಗಿಯೇ ಇದ್ದಿತು. ಕಂಡಂತೆ ಬರೆಯಲಾಗಿದೆ, ದೋಷವಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂಬ ಅರ್ಥದ ಮಾತುಗಳು ಓಲೆಗ್ರಂಥಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಸಿಗುತ್ತವೆ. ಕಂಡಂತೆ ಬರೆದವನು ನಿಜವಾಗಿ ಕಂಡುದೆಷ್ಟು, ಊಹಿಸಿದುದೆಷ್ಟು ಎಂಬುದೇ ಹಸ್ತಪ್ರತಿಶಾಸ್ತ್ರದ ಮೂಲಪ್ರಶ್ನೆ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಅಂಕೀಯ ಜೂಮ್ ಕ್ಯಾಮರಾ ವಿದ್ವಾಂಸರ ಕೈಗೆ ಬಂದಾಗ, ಇದೇ ಪ್ರಶ್ನೆ ಹೊಸ ವೇಷದಲ್ಲಿ ಎದುರಾಯಿತು. ಆ ಯಂತ್ರದಿಂದ ಸ್ಫುಟವಾದ ಚಿತ್ರವನ್ನು ಪಡೆಯುವ ಕ್ರಮವು ಹೇಗೆ ರೂಪುಗೊಂಡಿತು, ಪಾಠಶುದ್ಧಿಗೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

1. ಒಂದು ಪದದ ನಿದರ್ಶನ

ಸ್ಫುಟತೆಯು ಕೇವಲ ಅಂದಚೆಂದದ ಮಾತಲ್ಲ ಎಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಇತಿಹಾಸಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮವೂ ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಉಳಿದುಬಂದವು. 1896ರ ಸುಮಾರಿಗೆ ಆರಂಭವಾದ ಪ್ರತಿಲೇಖನ ಕಾರ್ಯವು 1922ರ ವೇಳೆಗೆ ಮುಗಿಯಿತು. ಓಲೆಯಿಂದ ಕಾಗದಕ್ಕೆ, ಕನ್ನಡ ಲಿಪಿಯಿಂದ ನಾಗರಿಗೆ, ಒಂದು ನಾಗರಿ ಪ್ರತಿಯಿಂದ ಇನ್ನೊಂದಕ್ಕೆ ಪಾಠವು ಸಾಗಿತು. ಡಾ. ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅಮರಾವತಿ, ಆರಾ, ಕಾರಂಜಾಗಳ ಕಾಗದದ ಪ್ರತಿಗಳೇ ಅವರಿಗೆ ಆಧಾರವಾಗಿದ್ದವು.

ಆ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದವು ಪ್ರತಿಗಳಲ್ಲಿ ಇರಲಿಲ್ಲ. ಇಲ್ಲೊಂದು ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮನುಷ್ಯಿಣಿಯರ ವಿಷಯದಲ್ಲಿ ಹೇಳಿದ ಗುಣಸ್ಥಾನಗಳ ವ್ಯಾಪ್ತಿಯೂ ದ್ರವ್ಯವೇದ-ಭಾವವೇದಗಳ ವಿವಕ್ಷೆಯೂ ಈ ಒಂದು ಪದದ ಇರವು-ಇಲ್ಲದಿಕೆಗಳನ್ನು ಅವಲಂಬಿಸಿದ್ದುದರಿಂದ, ಪಂಡಿತವರ್ಗದಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಕೊನೆಗೆ ಮೂಡಬಿದಿರೆಯ ತಾಡಪತ್ರವನ್ನೇ ಪರಿಶೀಲಿಸಿದಾಗ 'ಸಂಜದ' ಪದವು ಅಲ್ಲಿ ದೊರೆಯಿತು. ಅದರ ಹಿಂದೆಯೇ ಇರುವ ಪದವು 'ಸಂಜದಾಸಂಜದ' ಎಂಬುದು. ಒಂದೇ ಬಗೆಯ ಅಕ್ಷರಗಳು ಒಂದರ ಹಿಂದೊಂದು ಬಂದಾಗ ಪ್ರತಿಕಾರನ ಕಣ್ಣು ಒಂದನ್ನು ದಾಟಿಹೋಗುವುದು ಲಿಪಿಕಾರರ ಸ್ಖಲನಗಳಲ್ಲಿ ಅತ್ಯಂತ ಸಾಮಾನ್ಯವಾದುದು. ಆ ಒಂದು ಓಲೆಯ ಸ್ಫುಟವಾದ ಛಾಯಾಚಿತ್ರವು ಸಂಪಾದಕರ ಮೇಜಿನ ಮೇಲೆ 1939ರಲ್ಲಿಯೇ ಇದ್ದಿದ್ದರೆ ಚರ್ಚೆಯು ಪಾಠದ ಮೇಲಲ್ಲ, ಅರ್ಥದ ಮೇಲೆ ಮಾತ್ರ ನಡೆಯುತ್ತಿತ್ತು. ಮಸುಕಾದ ಚಿತ್ರವಿದ್ದಿದ್ದರೆ ವಿವಾದವು ಇನ್ನೂ ಜಟಿಲವಾಗುತ್ತಿತ್ತು. ಇಬ್ಬರೂ ಅದನ್ನೇ ತಮ್ಮ ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಹಿಡಿಯುತ್ತಿದ್ದರು.

ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಿಗೆ ವಿಶಿಷ್ಟವಾದ ಇನ್ನೊಂದು ತೊಡಕನ್ನೂ ಇಲ್ಲಿ ನೆನೆಯಬೇಕು. ಅಕ್ಷರದ ಹಿಂದೆ ಬರೆದ ಸೊನ್ನೆಯು ಈ ಪ್ರತಿಗಳಲ್ಲಿ ಕೆಲವೆಡೆ ಅನುಸ್ವಾರವನ್ನು, ಕೆಲವೆಡೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುತ್ತದೆ. ಪಕಾರ-ವಕಾರಗಳೂ ವಕಾರ-ಮಕಾರಗಳೂ ಒಂದು ಸಣ್ಣ ಗೆರೆಯ ಅಂತರದಲ್ಲಿ ನಿಂತಿವೆ. ಇವುಗಳ ನಡುವೆ ಹುಳು ಕೊರೆದ ರಂಧ್ರವೊಂದು ಬಿದ್ದರೆ ಅದೂ ಸೊನ್ನೆಯಂತೆಯೇ ತೋರುತ್ತದೆ. ಓಲೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದವನಿಗೆ ರಂಧ್ರವಾವುದು, ಸೊನ್ನೆಯಾವುದು ಎಂದು ತಿಳಿಯುತ್ತದೆ. ಚಿತ್ರವನ್ನು ಮಾತ್ರ ನೋಡುವವನಿಗೆ ಅದು ತಿಳಿಯಬೇಕಾದರೆ ಚಿತ್ರವು ಅಷ್ಟು ಸ್ಫುಟವಾಗಿರಬೇಕು.

2. ಅಂಕೀಯ ಕ್ಯಾಮರಾಕ್ಕೆ ಮೊದಲು

ಗ್ರಂಥಭಂಡಾರಗಳಿಗೆ ಛಾಯಾಗ್ರಹಣವು ಹೊಸದಲ್ಲ. ಮುನಿ ಪುಣ್ಯವಿಜಯರು 1950ರಲ್ಲಿ ಜೈಸಲ್ಮೇರಿನ ಭಂಡಾರವನ್ನು ಕ್ರಮಪಡಿಸಿದಾಗ ಅಲ್ಲಿಯ ಮುಖ್ಯ ಪ್ರತಿಗಳ ಸೂಕ್ಷ್ಮಚಿತ್ರಸುರುಳಿ, ಅಂದರೆ ಮೈಕ್ರೋಫಿಲ್ಮ್, ಮಾಡಿಸಿದರು. ಕರ್ನಾಟಕದಲ್ಲಿ ಅದಕ್ಕೆ ಸ್ವಲ್ಪ ಮೊದಲೇ, 1948ರಲ್ಲಿ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಭಾರತೀಯ ಜ್ಞಾನಪೀಠದಿಂದ ಹೊರಬಂದು, ಎಲ್ಲಿ ಏನಿದೆ ಎಂಬುದನ್ನು ವಿದ್ವಲ್ಲೋಕಕ್ಕೆ ತಿಳಿಸಿತು. ಸೂಚಿಯು ದಾರಿ ತೋರಿಸಿದರೂ ಓಲೆಯನ್ನು ಓದಲು ಭಂಡಾರಕ್ಕೇ ಹೋಗಬೇಕಾಗಿತ್ತು. ಮೈಕ್ರೋಫಿಲ್ಮಿಗೆ ದೊಡ್ಡ ಯಂತ್ರ, ನುರಿತ ಕೆಲಸಗಾರ, ಕತ್ತಲೆಕೋಣೆ, ಓದಲು ಮತ್ತೊಂದು ಯಂತ್ರ ಎಲ್ಲವೂ ಬೇಕು. ಅದರಲ್ಲಿ ಕಪ್ಪುಬಿಳುಪಿನ ಭೇದ ಮಾತ್ರ ಉಳಿಯುವುದರಿಂದ ಓಲೆಯ ಕಂದುಬಣ್ಣದ ಕಲೆಯೂ ಮಸಿಯೂ ಹಲವೆಡೆ ಒಂದೇ ಬಗೆಯಾಗಿ ಕಾಣುತ್ತವೆ. ಚಿತ್ರ ಕೆಟ್ಟಿದೆಯೆಂಬುದು ಸುರುಳಿಯನ್ನು ಸಂಸ್ಕರಿಸಿದ ಮೇಲೆ ತಿಳಿಯುತ್ತಿತ್ತೇ ಹೊರತು ಓಲೆ ಎದುರಿಗಿರುವಾಗಲ್ಲ. ಆ ವೇಳೆಗೆ ಕಟ್ಟು ಮತ್ತೆ ಪೆಟ್ಟಿಗೆಯನ್ನು ಸೇರಿರುತ್ತಿತ್ತು.

3. ಸಣ್ಣ ಜೂಮ್ ಕ್ಯಾಮರಾದ ಉದಯ

ಬೆಳಕನ್ನು ವಿದ್ಯುದಂಶವಾಗಿ ಪರಿವರ್ತಿಸಿ ಹಿಡಿದಿಡುವ ಫಲಕವು ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳಿಂದ ಕಲ್ಪಿತವಾಯಿತು. 2009ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತಂತ್ರಜ್ಞ ನಿರ್ಮಿಸಿದ ಮೊದಲ ಅಂಕೀಯ ಕ್ಯಾಮರಾ ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1995ರ ಕ್ಯಾಸಿಯೋ ಕ್ಯೂವಿ-10 ಕ್ಯಾಮರಾದ ಹಿಂಬದಿಯಲ್ಲಿ ತೆಗೆದ ಚಿತ್ರವನ್ನು ಆಗಲೇ ನೋಡುವ ಪುಟ್ಟ ಪರದೆಯಿದ್ದಿತು. ಆದರೆ ಅದರ ಚಿತ್ರವು 320ಕ್ಕೆ 240 ಬಿಂದುಗಳದಾಗಿದ್ದು ಅಕ್ಷರದ ಕೆಲಸಕ್ಕೆ ಒದಗುವಂತಿರಲಿಲ್ಲ. 1999ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ 950, ಒಲಿಂಪಸ್ ಸಿ-2000 ಜೂಮ್ ಮೊದಲಾದ ಯಂತ್ರಗಳಲ್ಲಿ ಇಪ್ಪತ್ತು ಲಕ್ಷ ಬಿಂದುಗಳೂ ಮೂರು ಪಟ್ಟಿನ ಜೂಮ್ ಮಸೂರವೂ ಒಟ್ಟಾದವು. 2005ರ ವೇಳೆಗೆ ಎಪ್ಪತ್ತು ಲಕ್ಷ ಬಿಂದುಗಳ ಸಣ್ಣ ಕ್ಯಾಮರಾಗಳು ಸಾಮಾನ್ಯವಾದವು.

ಇದರ ಮಹತ್ವ ಸ್ಪಷ್ಟವಾಗಿದೆ. ಓಲೆಯು ಎದುರಿಗಿರುವಾಗಲೇ ಚಿತ್ರವನ್ನು ಹಿಗ್ಗಿಸಿ ನೋಡಿ, ಸರಿಯಿಲ್ಲದಿದ್ದರೆ ಅಲ್ಲಿಯೇ ಮತ್ತೊಮ್ಮೆ ತೆಗೆಯುವುದು ಇತಿಹಾಸದಲ್ಲಿ ಮೊದಲ ಬಾರಿಗೆ ಸಾಧ್ಯವಾಯಿತು. ಭಾರತ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ 2003ರ ಸುಮಾರಿನಲ್ಲಿ, ದೊಡ್ಡ ಸಂಸ್ಥೆಗಳು ದೊಡ್ಡ ಯಂತ್ರಗಳನ್ನು ತಂದರೆ, ಒಂಟಿಯಾಗಿ ದುಡಿಯುವ ವಿದ್ವಾಂಸನ ಕೈಚೀಲಕ್ಕೆ ಸಣ್ಣ ಜೂಮ್ ಕ್ಯಾಮರಾ ಬಂದಿತು. ಆದರೆ ಯಂತ್ರವು ಬಂದೊಡನೆ ಸ್ಫುಟತೆ ಬರಲಿಲ್ಲ. ಪ್ರವಾಸಿಯ ಕುಟುಂಬಚಿತ್ರಕ್ಕೆಂದು ಮಾಡಿದ ಯಂತ್ರವನ್ನು ಲಿಪಿಕಾರನನ್ನಾಗಿ ಪಳಗಿಸಬೇಕಾಗಿತ್ತು.

4. ಮಸುಕಿನ ಕಾರಣಗಳು

ಮೊದಲನೆಯ ಕಾರಣ ಓಲೆಯ ಆಕಾರ. 26 ಅಂಗುಲ ಉದ್ದ, 2 ಅಂಗುಲ ಅಗಲದ ಓಲೆಯನ್ನು ಇಡಿಯಾಗಿ ಒಂದೇ ಚಿತ್ರದಲ್ಲಿ ಹಿಡಿದರೆ, ನಾಲ್ಕಕ್ಕೆ ಮೂರರ ಪ್ರಮಾಣದ ಚೌಕಟ್ಟಿನಲ್ಲಿ ಓಲೆಯು ಎತ್ತರದ ಹತ್ತನೆಯ ಒಂದು ಪಾಲನ್ನು ಮಾತ್ರ ತುಂಬುತ್ತದೆ. ಉಳಿದ ಒಂಬತ್ತು ಪಾಲು ಬಿಂದುಗಳು ಮೇಜಿನ ಬಟ್ಟೆಯನ್ನು ಚಿತ್ರಿಸುತ್ತವೆ. ಅಡ್ಡಲಾಗಿ 1600 ಬಿಂದುಗಳಿರುವ ಕ್ಯಾಮರಾದಲ್ಲಿ ಅಂಗುಲಕ್ಕೆ ದಕ್ಕುವುದು ಸುಮಾರು 61 ಬಿಂದು. ನಾಲ್ಕು ಮಿ.ಮೀ. ಎತ್ತರದ ಅಕ್ಷರಕ್ಕೆ ಹತ್ತು ಬಿಂದುಗಳೂ ದೊರೆಯವು, ಒಂದು ಮಿ.ಮೀ. ಅಗಲದ ಸೊನ್ನೆಗೆ ಎರಡೋ ಮೂರೋ ದೊರೆತಾವು. ಅಷ್ಟರಿಂದ ಸೊನ್ನೆಯನ್ನೂ ಹುಳುಕಿನ ರಂಧ್ರವನ್ನೂ ಬೇರ್ಪಡಿಸುವುದು ಅಸಾಧ್ಯ. ಅದೇ ಓಲೆಯನ್ನು ಮೂರು ಮೂರು ಅಂಗುಲದ ಖಂಡಗಳಾಗಿ, ಒಂದರ ಅಂಚು ಇನ್ನೊಂದರಲ್ಲಿಯೂ ಬರುವಂತೆ ಸುಮಾರು ಹತ್ತು ಚಿತ್ರಗಳಲ್ಲಿ ತೆಗೆದರೆ, ಅಂಗುಲಕ್ಕೆ 530ಕ್ಕೂ ಹೆಚ್ಚು ಬಿಂದುಗಳು ದೊರೆತು ಆ ಸೊನ್ನೆಯು ಇಪ್ಪತ್ತು ಬಿಂದುಗಳಷ್ಟು ಅಗಲವಾಗಿ ನಿಲ್ಲುತ್ತದೆ. ಬೆಲೆಬಾಳುವ ಯಂತ್ರದಿಂದ ಇಡಿಯಾಗಿ ತೆಗೆದ ಚಿತ್ರಕ್ಕಿಂತ ಅಗ್ಗದ ಯಂತ್ರದಿಂದ ಖಂಡಖಂಡವಾಗಿ ತೆಗೆದ ಚಿತ್ರಗಳೇ ಸ್ಫುಟವಾಗಿರಲು ಇದೇ ಕಾರಣ. ಅಮೆರಿಕೆಯ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ವಿದ್ವಾಂಸರು ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಡಪತ್ರಗಳನ್ನು ಚಿತ್ರಿಸಿದ ಸಂಗತಿ 2006ರಲ್ಲಿ ಪ್ರಕಟವಾಯಿತು. ಅವರೂ ಪ್ರತಿಯೊಂದು ಓಲೆಯನ್ನು ಖಂಡಗಳಾಗಿ ತೆಗೆದು ಗಣಕಯಂತ್ರದಲ್ಲಿ ಜೋಡಿಸಿದರು. ಕಪ್ಪಾದ ಓಲೆಯಿಂದ ಅಕ್ಷರಗಳು ಎದ್ದು ಕಾಣುವಂತೆ ಅವಕೆಂಪು ಕಿರಣಗಳ ನೆರವು ಪಡೆದರು.

ಎರಡನೆಯದು ಜೂಮಿನ ಅಪಪ್ರಯೋಗ. ಮಸೂರಗಳು ಸರಿದು ಹಿಗ್ಗಿಸುವ ದೃಕ್-ಜೂಮ್ ಒಂದು. ಚಿತ್ರದ ನಡುಭಾಗವನ್ನು ಕತ್ತರಿಸಿ ಲೆಕ್ಕಾಚಾರದಿಂದ ಹಿಗ್ಗಿಸುವ ಅಂಕೀಯ ಜೂಮ್ ಇನ್ನೊಂದು. ಎರಡನೆಯದು ಹೊಸದಾಗಿ ಏನನ್ನೂ ಕಾಣುವುದಿಲ್ಲ, ಕಂಡುದನ್ನೇ ಉಬ್ಬಿಸುತ್ತದೆ. ಆದುದರಿಂದ ಅದನ್ನು ನಿಲ್ಲಿಸಿಯೇ ಕೆಲಸ ಮಾಡಬೇಕು. ಮೊದಲನೆಯದರಲ್ಲಿಯೂ ತಾರತಮ್ಯವಿದೆ. ಅತ್ಯಗಲ ಸ್ಥಿತಿಯಲ್ಲಿ ಕ್ಯಾಮರಾವು ಓಲೆಗೆ ತೀರ ಸಮೀಪ ಬರಬಲ್ಲದಾದರೂ ಗೆರೆಗಳು ಪೀಪಾಯಿಯಂತೆ ಹೊರಬಾಗುತ್ತವೆ, ಯಂತ್ರದ ನೆರಳು ಓಲೆಯ ಮೇಲೆ ಬೀಳುತ್ತದೆ. ಅತಿದೂರ ಸ್ಥಿತಿಯಲ್ಲಿ ಬೆಳಕು ಕಡಿಮೆಯಾಗುತ್ತದೆ, ಕೈನಡುಕ ಹಿಗ್ಗುತ್ತದೆ, ಸಮೀಪದ ವಸ್ತು ಫೋಕಸಿಗೆ ಸಿಗುವುದಿಲ್ಲ. ಜೂಮಿನ ಮಧ್ಯಸ್ಥಿತಿಯೇ ಅಕ್ಷರಚಿತ್ರಣಕ್ಕೆ ಹಿತವಾದುದು.

ಮೂರನೆಯದು ಅಲುಗಾಟ. ಕೈಯಲ್ಲಿ ಹಿಡಿದು ತೆಗೆಯುವಾಗ, 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ ಮಸೂರದ ಸಂಗಮದೂರ ಎಷ್ಟು ಮಿ.ಮೀ. ಇದೆಯೋ, ಸೆಕೆಂಡಿನ ಅಷ್ಟನೆಯ ಒಂದು ಪಾಲಿಗಿಂತ ಹೆಚ್ಚು ಹೊತ್ತು ಬೆಳಕನ್ನು ಬಿಡಬಾರದೆಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. 105 ಮಿ.ಮೀ.ಗೆ ಸಮನಾದ ಜೂಮಿನಲ್ಲಿ ಇದು ಸೆಕೆಂಡಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ವಸ್ತುವು ಸಮೀಪದಲ್ಲಿರುವಾಗ ಅಷ್ಟೂ ಸಾಲದು. ಬಸದಿಯ ಒಳಗಿನ ಮಂದವಾದ ಬೆಳಕಿನಲ್ಲಿ ಅಷ್ಟು ವೇಗ ದೊರೆಯುವುದಿಲ್ಲ. ಆದುದರಿಂದ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ, ಓಲೆಗೆ ನೇರ ಸಮಾನಾಂತರವಾಗಿ ನಿಲ್ಲಿಸುವುದು ಅಗತ್ಯ. ಗುಂಡಿಯನ್ನು ಮೊದಲು ಅರ್ಧ ಒತ್ತಿ ಫೋಕಸ್ ನೆಲೆಗೊಂಡುದನ್ನು ಕಂಡು ಆಮೇಲೆ ಪೂರ್ತಿ ಒತ್ತಬೇಕು. ಬೆರಳಿನ ಒತ್ತಡವೂ ಅಲುಗಿಸುವುದರಿಂದ ಸ್ವಯಂಚಾಲಿತ ಕಾಲಮಾಪಕವನ್ನು ಹಾಕಿ ಕೈ ತೆಗೆಯುವುದು ಉತ್ತಮ. ಫೋಕಸ್ ಮಾಡುವ ಬಿಂದುವು ಓಲೆಯ ಬರಿಮೈಯಲ್ಲಿರದೆ ಅಕ್ಷರದ ಮೇಲೆ ಇರಬೇಕು. ಭೇದವಿಲ್ಲದ ಕಡೆ ಯಂತ್ರಕ್ಕೆ ಹಿಡಿತ ಸಿಗದು.

ನಾಲ್ಕನೆಯದು ಬೆಳಕಿನ ದ್ವಾರ. ದ್ವಾರವನ್ನು ಕಿರಿದು ಮಾಡಿದಷ್ಟೂ ಚಿತ್ರ ಸ್ಫುಟವಾಗುತ್ತದೆಂಬುದು ಹಿಂದಿನ ದೊಡ್ಡ ಕ್ಯಾಮರಾಗಳ ಅನುಭವ. ಸಣ್ಣ ಕ್ಯಾಮರಾದಲ್ಲಿ ಇದು ತಲೆಕೆಳಗಾಗುತ್ತದೆ. ಕಿರಿದಾದ ದ್ವಾರದ ಅಂಚಿನಲ್ಲಿ ಬೆಳಕು ಬಾಗಿ ಹರಡುತ್ತದೆ. ಎಫ್ 2.8ರಲ್ಲಿ ಒಂದು ಬಿಂದುವಿನ ಬೆಳಕು ಸುಮಾರು 4 ಮೈಕ್ರಾನ್ ಅಗಲಕ್ಕೆ ಹರಡಿದರೆ, ಎಫ್ 8ರಲ್ಲಿ ಸುಮಾರು 11 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಎಪ್ಪತ್ತು ಲಕ್ಷ ಬಿಂದುಗಳ ಸಣ್ಣ ಫಲಕದಲ್ಲಿ ಒಂದೊಂದು ಕೋಶದ ಅಗಲವು 2.3 ಮೈಕ್ರಾನ್ ಮಾತ್ರ. ಹೀಗಾಗಿ ಎಫ್ 8ರಲ್ಲಿ ಒಂದು ಕೋಶಕ್ಕೆ ಸೇರಬೇಕಾದ ಬೆಳಕು ಅಕ್ಕಪಕ್ಕದ ನಾಲ್ಕಾರು ಕೋಶಗಳನ್ನು ಮುಚ್ಚಿ ಕಂಠದ ಸೂಕ್ಷ್ಮರೇಖೆಯನ್ನು ಮಸುಕುಗೊಳಿಸುತ್ತದೆ. ಅದೃಷ್ಟವಶಾತ್ ಸಣ್ಣ ಫಲಕಕ್ಕೆ ಆಳದ ಸ್ಫುಟತೆ ಸಹಜವಾಗಿಯೇ ಹೆಚ್ಚು. ಸ್ವಲ್ಪ ಡೊಂಕಾದ ಓಲೆಯೂ ಎಫ್ 4ರ ಸುಮಾರಿನಲ್ಲಿ ಪೂರ್ತಿಯಾಗಿ ಹಿಡಿತಕ್ಕೆ ಬರುತ್ತದೆ. ಡೊಂಕನ್ನು ನೇರಗೊಳಿಸಲು ಓಲೆಯನ್ನು ಅದುಮುವುದು ಸರ್ವಥಾ ವರ್ಜ್ಯ.

ಐದನೆಯದು ಬೆಳಕಿನ ಪ್ರಮಾಣ ಮತ್ತು ದಿಕ್ಕು. ಬೆಳಕು ಸಾಲದಾದಾಗ ಯಂತ್ರವು ತನ್ನ ಸಂವೇದನೆಯನ್ನು, ಅಂದರೆ ಐ.ಎಸ್.ಓ. ಸಂಖ್ಯೆಯನ್ನು, ತಾನೇ ಏರಿಸಿಕೊಳ್ಳುತ್ತದೆ. ಆಗ ಏಳುವ ಕಾಳುಕಾಳಾದ ಗೊಂದಲವನ್ನು ಅಳಿಸಲು ಹೋಗಿ ಸಣ್ಣ ಗೆರೆಗಳನ್ನೂ ಅಳಿಸಿಬಿಡುತ್ತದೆ. ಸಂಖ್ಯೆಯನ್ನು 50 ಅಥವಾ 100ರಲ್ಲಿ ನಿಲ್ಲಿಸಿ, ಮುಕ್ಕಾಲಿಯ ಬಲದಿಂದ ಹೆಚ್ಚು ಹೊತ್ತು ಬೆಳಕನ್ನು ಬಿಡುವುದೇ ಸರಿಯಾದ ಕ್ರಮ. ಯಂತ್ರದ ಫ್ಲ್ಯಾಶ್ ಎಣ್ಣೆ ಸವರಿದ ಓಲೆಯ ಮೇಲೆ ಹೊಳಪಿನ ಮಚ್ಚೆಯನ್ನು ಮೂಡಿಸಿ ಅದರಡಿಯ ಅಕ್ಷರಗಳನ್ನು ಪೂರ್ತಿಯಾಗಿ ನುಂಗುತ್ತದೆ; ಅದನ್ನು ಆರಿಸಿಡಬೇಕು. ಮಸಿಯಿಂದ ಬರೆದ ಓಲೆಗೆ ಎರಡೂ ಕಡೆಯಿಂದ ನಲವತ್ತೈದು ಅಂಶದ ಕೋನದಲ್ಲಿ ಬರುವ ಮೃದುವಾದ ಬೆಳಕು ಒಳ್ಳೆಯದು. ಕಂಠದಿಂದ ಕೊರೆದು ಮಸಿ ಮಾಸಿಹೋದ ಓಲೆಗೆ ಒಂದೇ ಪಕ್ಕದಿಂದ ತಗ್ಗಾಗಿ ಬೀಳುವ ಬೆಳಕು ಬೇಕು. ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರವು ಎದ್ದುಕಾಣುತ್ತದೆ. ಸಂದೇಹಾಸ್ಪದ ಸ್ಥಳಗಳನ್ನು ಎರಡು ದಿಕ್ಕಿನ ಬೆಳಕಿನಲ್ಲಿಯೂ ತೆಗೆದರೆ ರಂಧ್ರವು ರಂಧ್ರವಾಗಿ, ಸೊನ್ನೆಯು ಸೊನ್ನೆಯಾಗಿ ಬೇರ್ಪಡುತ್ತವೆ.

5. ಯಂತ್ರವೂ ಒಬ್ಬ ಲಿಪಿಕಾರ

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಮಾತು ಉಳಿಯುತ್ತದೆ. ಛಾಯಾಚಿತ್ರವು ಯಥಾಪ್ರತಿ, ಅದರಲ್ಲಿ ಊಹೆಗೆ ಎಡೆಯಿಲ್ಲ ಎಂಬ ನಂಬಿಕೆ ಅಂಕೀಯ ಕ್ಯಾಮರಾದ ವಿಷಯದಲ್ಲಿ ಪೂರ್ಣಸತ್ಯವಲ್ಲ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸವನ್ನೇ ಬಹುತೇಕ ಎಲ್ಲ ಸಣ್ಣ ಕ್ಯಾಮರಾಗಳೂ ಅನುಸರಿಸಿದವು. ಅದರಂತೆ ಫಲಕದ ಒಂದೊಂದು ಕೋಶವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣವನ್ನು ಕಾಣುತ್ತದೆ. ಉಳಿದೆರಡನ್ನು ಯಂತ್ರವು ನೆರೆಯ ಕೋಶಗಳನ್ನು ನೋಡಿ ಲೆಕ್ಕಹಾಕಿ ತುಂಬುತ್ತದೆ. ತ್ರುಟಿತವಾದ ಅಕ್ಷರವನ್ನು ಹಿಂದುಮುಂದಿನ ಸಂದರ್ಭದಿಂದ ಊಹಿಸಿ ಬರೆಯುವ ಲಿಪಿಕಾರನ ರೀತಿಯೇ ಇದು. ಬಳಿಕ ಯಂತ್ರವು ಅಂಚುಗಳನ್ನು ಹರಿತಗೊಳಿಸುತ್ತದೆ, ಗೊಂದಲವನ್ನು ಅಳಿಸುತ್ತದೆ, ಚಿತ್ರವನ್ನು ಅಡಕಗೊಳಿಸುತ್ತದೆ. ಅತಿಯಾಗಿ ಹರಿತಗೊಂಡ ಅಂಚಿನ ಸುತ್ತ ಬಿಳಿಯ ಪ್ರಭೆಯೊಂದು ಮೂಡುತ್ತದೆ; ಅತಿಯಾಗಿ ಅಡಕಗೊಂಡ ಚಿತ್ರದಲ್ಲಿ ಅಕ್ಷರದ ಸುತ್ತ ಚುಕ್ಕೆಗಳು ಹುಟ್ಟುತ್ತವೆ. ಇವು ಪರದೆಯ ಮೇಲೆ ಚಿತ್ರವನ್ನು ಸ್ಫುಟವಾಗಿ ತೋರಿಸುತ್ತವೆಯೇ ಹೊರತು ಓಲೆಯಲ್ಲಿರುವುದನ್ನು ತೋರಿಸುವುದಿಲ್ಲ. ಹರಿತಗೊಳಿಸುವ ಪ್ರಮಾಣವನ್ನು ಕನಿಷ್ಠದಲ್ಲಿಟ್ಟು, ಅಡಕಗೊಳಿಸದ ಅಥವಾ ಅತ್ಯಲ್ಪವಾಗಿ ಅಡಕಗೊಳಿಸಿದ ರೂಪದಲ್ಲಿ ಚಿತ್ರವನ್ನು ಉಳಿಸಿಕೊಂಡು, ಮಾರ್ಪಾಡುಗಳನ್ನೆಲ್ಲ ಅದರ ನಕಲಿನ ಮೇಲೆ ಮಾತ್ರ ಮಾಡಬೇಕೆಂಬ ನಿಯಮ ಹುಟ್ಟಿದುದು ಇದರಿಂದಲೇ.

ಭೂತಬಲಿ ಆಚಾರ್ಯರ ಮಹಾಬಂಧವು 1947ರಿಂದ ಭಾರತೀಯ ಜ್ಞಾನಪೀಠದ ಮೂಲಕ ಹೊರಬಂದಾಗ, ಓಲೆ ಮುರಿದು ಪಾಠ ನಷ್ಟವಾದ ಕಡೆಗಳಲ್ಲಿ ಸಂಪಾದಕರು ಸ್ಥಳವನ್ನು ಖಾಲಿ ಬಿಟ್ಟರು. ಕಾಣದುದನ್ನು ಕಾಣದೆಂದು ಹೇಳುವ ಆ ಪ್ರಾಮಾಣಿಕತೆಯನ್ನು ಯಂತ್ರದಿಂದ ನಿರೀಕ್ಷಿಸುವಂತಿಲ್ಲ. ಅದು ಖಾಲಿ ಬಿಡುವುದನ್ನು ಅರಿಯದು. ಕಾಣದ ಕಡೆಯಲ್ಲಿಯೂ ಏನನ್ನಾದರೂ ತುಂಬಿಯೇ ತೀರುತ್ತದೆ. 2010ರಲ್ಲಿ ಜಗತ್ತಿನಲ್ಲಿ ಹನ್ನೆರಡು ಕೋಟಿಗೂ ಮೀರಿ ರವಾನೆಯಾದ ಅಂಕೀಯ ಕ್ಯಾಮರಾಗಳ ಸಂಖ್ಯೆ 2020ರ ವೇಳೆಗೆ ಒಂದು ಕೋಟಿಗಿಂತ ಕೆಳಗಿಳಿಯಿತು. ಸಣ್ಣ ಜೂಮ್ ಕ್ಯಾಮರಾದ ಸ್ಥಾನವನ್ನು ಜೇಬಿನ ದೂರವಾಣಿ ಆಕ್ರಮಿಸಿತು. ಹಲವು ಚಿತ್ರಗಳನ್ನು ಬೆರೆಸಿ, ಮಸುಕಾದುದನ್ನು ತನ್ನ ಕಲಿಕೆಯ ಬಲದಿಂದ ತಿದ್ದಿ ತೋರಿಸುವ ಇಂದಿನ ದೂರವಾಣಿಗಳು ಇಲ್ಲದ ಗೆರೆಯನ್ನೂ ಮೂಡಿಸಬಲ್ಲವು. ಹಿಂದಿನ ಲಿಪಿಕಾರನು ಒಂದು ಪದವನ್ನು ಬಿಟ್ಟರೆ ಇನ್ನೊಂದು ಪ್ರತಿಯಿಂದ ಅದು ತಿಳಿಯುತ್ತಿತ್ತು. ಯಂತ್ರವು ಒಂದು ಸೊನ್ನೆಯನ್ನು ಸೇರಿಸಿದರೆ ಅದರ ಸಾವಿರ ನಕಲುಗಳೂ ಆ ಸೊನ್ನೆಯನ್ನೇ ಸಾರುತ್ತವೆ.

ಆದುದರಿಂದ ಸ್ಫುಟತೆಯ ಪರೀಕ್ಷೆ ಒಂದೇ: ಸಂದಿಗ್ಧವಾದ ಅಕ್ಷರವನ್ನು ಚಿತ್ರದಿಂದ ನಿರ್ಣಯಿಸಲು ಬರುತ್ತದೆಯೇ, ಇಲ್ಲವೇ. ಪ್ರತಿಯೊಂದು ಕಟ್ಟಿನ ಕೆಲಸವನ್ನು ಆರಂಭಿಸುವಾಗ ಅತ್ಯಂತ ಸಣ್ಣ ಅಕ್ಷರಗಳಿರುವ ಒಂದು ಓಲೆಯನ್ನು ಆರಿಸಿ, ಅಳತೆಪಟ್ಟಿಯೊಡನೆ ಚಿತ್ರಿಸಿ, ಪರದೆಯ ಮೇಲೆ ಪೂರ್ಣಪ್ರಮಾಣಕ್ಕೆ ಹಿಗ್ಗಿಸಿ, ಮೂಲದೊಡನೆ ಅಕ್ಷರಶಃ ಹೋಲಿಸಿದ ಮೇಲೆಯೇ ಮುಂದುವರಿಯುವುದು ಯುಕ್ತ. ಎಂಟುನೂರು, ಒಂಬೈನೂರು ವರ್ಷಗಳ ಓಲೆಯನ್ನು ಮತ್ತೆ ಮತ್ತೆ ಬಿಚ್ಚುವಂತಿಲ್ಲ. ಪ್ರತಿಯೊಂದು ಸ್ಪರ್ಶದಲ್ಲಿಯೂ ಅದರ ಅಂಚು ಪುಡಿಯಾಗುತ್ತದೆ. ಒಮ್ಮೆ ತೆಗೆಯುವ ಚಿತ್ರವೇ ಮುಂದಿನ ಪೀಳಿಗೆಗೆ ಉಳಿಯುವ ಏಕೈಕ ಸಾಕ್ಷಿಯಾಗಬಹುದು. ಹಿಂದೆ ಶಾಸ್ತ್ರದಾನ ಮಾಡಿದವರು ಪ್ರತಿಯ ಸಂಖ್ಯೆಯನ್ನು ಹೆಚ್ಚಿಸಿ ಗ್ರಂಥವನ್ನು ಉಳಿಸಿದರು. ಸಂಖ್ಯೆಯು ಗುಂಡಿಯೊಂದನ್ನು ಒತ್ತಿದಷ್ಟು ಸುಲಭವಾಗಿರುವ ಇಂದು, ಶಾಸ್ತ್ರದಾನದ ಪುಣ್ಯವು ಪ್ರತಿಯ ಶುದ್ಧಿಯಲ್ಲಿಯೇ ನಿಂತಿದೆ.